ರಾತ್ರಿ ಒಂಬತ್ತರ ಮಿಸ್ಡ್ ಕಾಲ್

ರಾತ್ರಿ 9ಕ್ಕೆ ನನ್ನ ಫೋನ್ ಒಂದು ಸಲ ರಿಂಗ್ ಆಗಿ ಕಟ್ ಆಗುತ್ತದೆ. ಆಫೀಸಿನಲ್ಲಿ ಲೇಟಾಗಿ ಕೂತ ದಿನ ಪಕ್ಕದ ಸೀಟಿನವರು ಕೇಳುತ್ತಾರೆ, 'ಯಾರಪ್ಪಾ ಅದು, ದಿನಾ ಇದೇ ಟೈಮಿಗೆ?' ಊರಿಂದ ಕಾಕಾ ಅಂತೀನಿ. ಅನ್‌ಲಿಮಿಟೆಡ್ ಕಾಲ್ ಇರುವ ಈ ಕಾಲದಲ್ಲೂ ಮಿಸ್ಡ್ ಕಾಲ್ ಕೊಡುವವರು ಇದ್ದಾರಾ ಅಂತ ನಗುತ್ತಾರೆ. ನಾನೂ ನಗುತ್ತೇನೆ. ಆ ಒಂದು ರಿಂಗಿಗೆ ನಮ್ಮಿಬ್ಬರ ನಡುವೆ ಇರುವ ಅರ್ಥ ಒಂದೇ: ಇವತ್ತಿನ ಗುಳಿಗೆ ನುಂಗಿ ಆಯಿತು.

ಕಾಕಾನಿಗೆ ಎಚ್‌ಐವಿ ಇದೆ. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಊರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. 'ಕಾಕಾ' ಅನ್ನುವುದು ನಮ್ಮ ನಿಜವಾದ ವರಸೆಯೇ ಆಗಿರಬೇಕಿಲ್ಲ. ಒಬ್ಬರಿಗೆ ಎಚ್‌ಐವಿ ಇದೆ ಎಂಬುದನ್ನು ಅವರ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವಂತಿಲ್ಲ ಅಂತ 2017ರ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಆ ಮೂರಕ್ಷರಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಅಂತ ಅಲ್ಲೇ ಬೆಳೆದ ನನಗೆ ಗೊತ್ತು.

ಕಕ್ಕಿ 2003ರಲ್ಲಿ ತೀರಿಕೊಂಡಳು. ಆಗ ನನಗೆ ಎಂಟು ವರ್ಷ. ಟಿಬಿ ಅಂದರು. ಟಿಬಿ ಇದ್ದದ್ದೂ ನಿಜವೇ, ಅದರ ಹಿಂದೆ ಇದ್ದದ್ದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಎಚ್‌ಐವಿ ಜೋರಾಗಿದ್ದ ವರ್ಷಗಳವು. ಗರ್ಭಿಣಿಯರ ಪರೀಕ್ಷೆಯಲ್ಲಿ ಶೇ 1ಕ್ಕಿಂತ ಹೆಚ್ಚು ಪ್ರಮಾಣ ಕಂಡ ಜಿಲ್ಲೆಗಳನ್ನು ನ್ಯಾಕೋ 'ಎ' ವರ್ಗಕ್ಕೆ ಹಾಕಿತ್ತು, ಕೊಪ್ಪಳ ಅದರಲ್ಲಿತ್ತು. ಸರ್ಕಾರ ಉಚಿತವಾಗಿ ಎಆರ್‌ಟಿ ಗುಳಿಗೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ಇಡೀ ದೇಶದಲ್ಲಿ ಎಂಟೇ ಆಸ್ಪತ್ರೆಗಳಲ್ಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅದರಲ್ಲೊಂದು. ಕಕ್ಕಿಗೂ ಆ ಗುಳಿಗೆಗೂ ನಡುವೆ ಉಳಿದದ್ದು ಒಂದು ವರ್ಷಕ್ಕೂ ಕಡಿಮೆ.

ಕಾಕಾ ಉಳಿದ. 2008ರಲ್ಲಿ ಕೊಪ್ಪಳದಲ್ಲಿ ಗುಳಿಗೆ ಶುರುವಾಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದೇ ಗುಳಿಗೆಯಲ್ಲಿ ಮೂರು ಔಷಧ: ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಪಿನ್. ತಿಂಗಳಿಗೆ ಅರವತ್ತು ಗುಳಿಗೆಯ ಪ್ಲಾಸ್ಟಿಕ್ ಡಬ್ಬಿ. ಅಲ್ಲಾಡಿಸಿದರೆ ಗಲಗಲ ಸಪ್ಪಳ. ಆ ಸಪ್ಪಳಕ್ಕೆ ಹೆದರಿ ಕಾಕಾ ಬಸ್ಸಿಗಿಂತ ಮೊದಲೇ ಡಬ್ಬಿ ಒಡೆದು, ಲೇಬಲ್ ಕಿತ್ತು, ಗುಳಿಗೆಗಳನ್ನು ಪೇಪರಿನಲ್ಲಿ ಸುತ್ತಿ ಪಂಚೆಯ ಗಂಟಿಗೆ ಸೇರಿಸುತ್ತಿದ್ದ. ಮನೆಯಲ್ಲಿ ಅವು ಇರುತ್ತಿದ್ದದ್ದು ಜೋಳದ ಚೀಲದ ಹಿಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2018ರ ಮೇ ತಿಂಗಳಲ್ಲಿ ಕಾಕಾನ ಮಗಳ ಮದುವೆ. ಎರಡು ಖೋಲಿಯ ಮನೆಯಲ್ಲಿ ನಲವತ್ತು ಮಂದಿ. ಬೀಗರ ಕಡೆಯವರು ಪಡಸಾಲೆಯಲ್ಲಿ, ಹೆಣ್ಣುಮಕ್ಕಳು ಜೋಳದ ಚೀಲಕ್ಕೇ ಒರಗಿ ಕೂತು ಮಾತಾಡುತ್ತಿದ್ದಾರೆ. ಕಾಕಾ ನನ್ನನ್ನು ಹಿತ್ತಲಿಗೆ ಕರೆದು, 'ತಮ್ಮಾ, ನಿನ್ನಿಯಿಂದ ಗುಳಿಗಿ ತಗೊಳ್ಳಾಕ ಆಗಿಲ್ಲ, ಏನ್ ಮಾಡ್ಲಿ?' ಅಂತ ಕೇಳಿದ. ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಮನೆಯಲ್ಲಿ ಓದಿದವನು ನಾನೊಬ್ಬನೇ. 'ನಾಕ್ ದಿನ ಬಿಟ್ರ ಏನೂ ಆಗಂಗಿಲ್ಲ ಬಿಡು ಕಾಕಾ, ಮದುವಿ ಮುಗೀಲಿ' ಅಂದುಬಿಟ್ಟೆ.

ನಾಲ್ಕು ದಿನ ಹನ್ನೊಂದು ದಿನವಾಯಿತು.

ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಸಿಡಿ4 ಕಣಗಳನ್ನು ಎಣಿಸುತ್ತಿದ್ದರು. ಆದರೆ ಸಿಡಿ4 ಇಳಿಯುವುದು ವೈರಸ್ ಏರಿ ಬಹಳ ಕಾಲವಾದ ಮೇಲೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೇರವಾಗಿ ಅಳೆಯುವ ವೈರಲ್ ಲೋಡ್ ಪರೀಕ್ಷೆ ಗುಳಿಗೆ ನುಂಗುವ ಎಲ್ಲರಿಗೂ ಉಚಿತವಾಗಿ ಸಿಗುವಂತಾಗಿದ್ದು 2018ರಿಂದ. ಕಾಕಾನ ಸರದಿ ಬಂದದ್ದು 2019ರ ಆರಂಭದಲ್ಲಿ. 1,000ಕ್ಕಿಂತ ಕೆಳಗಿರಬೇಕಾದ ಸಂಖ್ಯೆ 18,000 ದಾಟಿತ್ತು. ಮೂರು ತಿಂಗಳು ಕೌನ್ಸೆಲರ್ ಮೇಡಂ ಹಿಂದೆ ಬಿದ್ದು, ಒಂದೂ ತಪ್ಪದಂತೆ ನುಂಗಿಸಿ ಮತ್ತೆ ಪರೀಕ್ಷೆ ಮಾಡಿಸಿದರು. ಸಂಖ್ಯೆ ಇಳಿಯಲಿಲ್ಲ. ಗುಳಿಗೆ ಹೊಟ್ಟೆಗೆ ಹೋಗುತ್ತಿತ್ತು, ವೈರಸ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ.

ಪುಸ್ತಕದಲ್ಲಿ 'ಟ್ರೀಟ್‌ಮೆಂಟ್ ಫೇಲ್ಯೂರ್' ಅಂತ ಬರೆದರು. ಕಾಕಾ ಏಳನೇ ಕ್ಲಾಸಿನವರೆಗೆ ಓದಿದವನು. ಆ ಪದದ ಮೇಲೆ ಬೆರಳಿಟ್ಟು ಕೇಳಿದ, 'ನಾ ಫೇಲ್ ಆದ್ನೇನು?'

ನಾನು ಆ ರಾತ್ರಿಯಿಂದ ಓದಲು ಶುರು ಮಾಡಿದೆ.

ಕಾಪಿ ಮಾಡುವಾಗಿನ ತಪ್ಪು

ಎಚ್‌ಐವಿಯ ಇಡೀ ಕೋಡ್ ಸುಮಾರು 9,700 ಅಕ್ಷರ. ನಾನು ಆಫೀಸಿನಲ್ಲಿ ತಿದ್ದುವ ಒಂದು ಕಾನ್ಫಿಗ್ ಫೈಲ್ ಇದಕ್ಕಿಂತ ದೊಡ್ಡದು. ಈ ಕೋಡ್ ಆರ್‌ಎನ್‌ಎ ರೂಪದಲ್ಲಿ ಇರುತ್ತದೆ. ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ ವೈರಸ್ ತನ್ನದೇ ಒಂದು ಕಿಣ್ವದಿಂದ ಅದನ್ನು ಡಿಎನ್‌ಎಗೆ ನಕಲು ಮಾಡಿ ನಮ್ಮ ಡಿಎನ್‌ಎ ಒಳಗೇ ಸೇರಿಸಿಬಿಡುತ್ತದೆ. ಆ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಬಹಳ ಅವಸರದ ನಕಲುಗಾರ. ನಮ್ಮ ಕೋಶಗಳ ನಕಲು ಯಂತ್ರ ಬರೆದದ್ದನ್ನು ಹಿಂತಿರುಗಿ ನೋಡಿ ತಿದ್ದುತ್ತದೆ. ಇದಕ್ಕೆ ಆ ಅಭ್ಯಾಸವೇ ಇಲ್ಲ. ಸುಮಾರು 30,000 ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದೆ. ಅಂದರೆ ಮೂರು ಪ್ರತಿ ತೆಗೆದರೆ ಒಂದರಲ್ಲಿ ಎಲ್ಲೋ ಒಂದು ಅಕ್ಷರ ಬೇರೆ.

ಕೇಳಲು ಸಣ್ಣದು. ಆದರೆ ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಹುಟ್ಟುವ ಎಚ್‌ಐವಿ ಕಣಗಳು ಸುಮಾರು ಸಾವಿರ ಕೋಟಿ. ನಾನು ನೋಟ್‌ಪ್ಯಾಡ್ ತೆಗೆದು ಲೆಕ್ಕ ಹಾಕಿದೆ. ಒಂದು ನಿರ್ದಿಷ್ಟ ಅಕ್ಷರ, ಇನ್ನೊಂದು ನಿರ್ದಿಷ್ಟ ಅಕ್ಷರವಾಗಿ ತಪ್ಪುವ ಸಂಭವ ಸುಮಾರು ಲಕ್ಷಕ್ಕೆ ಒಂದು. ಸಾವಿರ ಕೋಟಿ ಪ್ರತಿಗಳಲ್ಲಿ ಅಂಥ ತಪ್ಪು ದಿನಕ್ಕೆ ಒಂದು ಲಕ್ಷ ಸಲ ಆಗುತ್ತದೆ. ಯಾವ ಅಕ್ಷರ ಬೇಕಾದರೂ ಹಿಡಿಯಿರಿ, ಉತ್ತರ ಇದೇ. ಹೆಚ್ಚಿನ ತಪ್ಪುಗಳಿಂದ ವೈರಸ್ಸೇ ಕೆಡುತ್ತದೆ ಅಥವಾ ಏನೂ ಆಗುವುದಿಲ್ಲ. ಆದರೆ ಒಂದು ಔಷಧವನ್ನು ಸೋಲಿಸಲು ಒಂದು ಅಕ್ಷರ ಬದಲಾದರೆ ಸಾಕು ಅಂತಿದ್ದರೆ, ಆ ಬದಲಾದ ವೈರಸ್ ಔಷಧ ನುಂಗುವ ಮುಂಚೆಯೇ ದೇಹದಲ್ಲಿ ಕೂತಿರುತ್ತದೆ. ಗುಳಿಗೆ ಅದನ್ನು ಹುಟ್ಟಿಸುವುದಿಲ್ಲ. ಉಳಿದವನ್ನು ತೆಗೆದುಹಾಕಿ ಅದಕ್ಕೆ ಜಾಗ ಮಾಡಿಕೊಡುತ್ತದೆ, ಅಷ್ಟೇ.

ಇದೇ ಆಗಿದ್ದು ಮೊದಲ ಔಷಧಕ್ಕೆ. ಜಿಡೊವುಡಿನ್‌ಗೆ, ಅಂದರೆ ಎಜೆಡ್‌ಟಿಗೆ, ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು. ಅದೊಂದನ್ನೇ ತಿಂಗಳುಗಟ್ಟಲೆ ತೆಗೆದುಕೊಂಡವರ ವೈರಸ್ ಔಷಧಕ್ಕೆ ಬಗ್ಗದಂತಾಗಿದೆ ಅಂತ 1989ರಲ್ಲೇ ಲಾರ್ಡರ್, ಡಾರ್ಬಿ, ರಿಚ್‌ಮನ್ ಎಂಬ ವಿಜ್ಞಾನಿಗಳು ತೋರಿಸಿದರು.

ಈಗ ಲೆಕ್ಕವನ್ನು ಮುಂದುವರಿಸಿ. ಎರಡು ನಿರ್ದಿಷ್ಟ ತಪ್ಪುಗಳು ಒಂದೇ ಪ್ರತಿಯಲ್ಲಿ ಒಟ್ಟಿಗೆ ಆಗಬೇಕು ಅಂದರೆ ದಿನಕ್ಕೆ ಒಂದು. ಮೂರು ತಪ್ಪು ಒಟ್ಟಿಗೆ ಆಗಬೇಕು ಅಂದರೆ ಒಂದು ಲಕ್ಷ ದಿನಕ್ಕೆ ಒಂದು, ಅಂದರೆ ಸುಮಾರು 270 ವರ್ಷ. ಇದು ಒರಟು ಲೆಕ್ಕ. ಎರಡು ವೈರಸ್‌ಗಳು ತಮ್ಮ ಕೋಡ್‌ನ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುವುದೂ ಉಂಟು, ಅದನ್ನು ನಾನಿಲ್ಲಿ ಬಿಟ್ಟಿದ್ದೇನೆ. ಆದರೂ 1996ರಿಂದ ಈಚೆಗೆ ಜಗತ್ತು ಮೂರು ಔಷಧ ಒಟ್ಟಿಗೆ ಕೊಡುವ ದಾರಿ ಹಿಡಿದದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಈ ಮೂರು ಸಾಲಿನಿಂದ. ಮೂರೂ ಸರಿಯಾಗಿ ಇದ್ದರೆ ನಕಲು ಮಾಡುವ ಕೆಲಸವೇ ನಿಲ್ಲುತ್ತದೆ. ನಕಲೇ ಇಲ್ಲದಿದ್ದರೆ ತಪ್ಪೂ ಇಲ್ಲ.

ಮೂರು ಔಷಧದ ಈ ಚಿಕಿತ್ಸೆ ಮೊದಮೊದಲು ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲಿತ್ತು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂತ ಮುಂದೆ ಬಂತು. ಕೊಪ್ಪಳದ ಆಸ್ಪತ್ರೆಯ ಕಿಟಕಿಯವರೆಗೆ ಆ ಗುಳಿಗೆ ತಲುಪಿದ್ದರ ಹಿಂದೆ ಈ ಬೆಲೆಯ ಕುಸಿತವೂ ಇದೆ.

ಮೂವರಲ್ಲಿ ಕೊನೆಗೆ ಉಳಿದವನು

ಹಾಗಾದರೆ ಗುಳಿಗೆ ಪೂರ್ತಿ ಬಿಟ್ಟರೆ ಮೂರೂ ಔಷಧ ಒಟ್ಟಿಗೆ ಹೋಗುತ್ತವೆ, ಮತ್ತೆ ಶುರು ಮಾಡಿದರೆ ಒಟ್ಟಿಗೆ ಬರುತ್ತವೆ, ನಡುವೆ ಅಪಾಯ ಎಲ್ಲಿ? ಮದುವೆ ಮನೆಯ ಹಿತ್ತಲಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೇ ತರ್ಕ.

ತಪ್ಪು ಇಲ್ಲಿತ್ತು. ಮೂರೂ ಒಟ್ಟಿಗೆ ಹೋಗುವುದಿಲ್ಲ. ಜಿಡೊವುಡಿನ್ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಕರಗುತ್ತದೆ. ಲ್ಯಾಮಿವುಡಿನ್ ಒಂದೆರಡು ದಿನ ಎಳೆಯುತ್ತದೆ. ನೆವಿರಪಿನ್ ಮಾತ್ರ ನಿಧಾನ, ಅರ್ಧ ಇಳಿಯಲು ಒಂದು ದಿನಕ್ಕೂ ಹೆಚ್ಚು ಬೇಕು, ಪೂರ್ತಿ ಹೋಗಲು ವಾರ ದಾಟುತ್ತದೆ. ಅಂದರೆ ಕಾಕಾ ಗುಳಿಗೆ ನಿಲ್ಲಿಸಿದ ಮೂರನೇ ದಿನದಿಂದ ಅವನ ದೇಹದಲ್ಲಿ ನಕಲು ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ, ಕಾವಲಿಗೆ ಉಳಿದದ್ದು ನೆವಿರಪಿನ್ ಒಂದೇ. ಅದೂ ದಿನದಿನಕ್ಕೆ ತೆಳುವಾಗುತ್ತ. ಒಂದೇ ಔಷಧ ಇದ್ದರೆ ಏನಾಗುತ್ತದೆ ಅಂತ ಮೇಲಿನ ಲೆಕ್ಕ ಹೇಳಿದೆ. ನೆವಿರಪಿನ್ ಸೋಲಲು ಒಂದೇ ಬದಲಾವಣೆ ಸಾಕು: ಕಿಣ್ವದ 103ನೇ ಜಾಗದಲ್ಲಿ ಲೈಸಿನ್ ಬದಲು ಅಸ್ಪರಾಜಿನ್. ಇಡೀ 9,700ರಲ್ಲಿ ಒಂದು ಅಕ್ಷರದ ಟೈಪೊ.

ಇದು ಕಾಕಾ ಒಬ್ಬನ ಕಥೆಯಲ್ಲ. ನಮ್ಮ ದೇಶದಲ್ಲಿ ಹತ್ತಾರು ವರ್ಷ ಎಚ್‌ಐವಿ ಇರುವ ಗರ್ಭಿಣಿಯರಿಗೆ ಹೆರಿಗೆ ನೋವು ಬಂದಾಗ ನೆವಿರಪಿನ್‌ನ ಒಂದೇ ಒಂದು ಗುಳಿಗೆ, ಹುಟ್ಟಿದ ಮಗುವಿಗೆ ಅದರದೇ ಹನಿ ಕೊಡುತ್ತಿದ್ದರು. ಉಗಾಂಡದಲ್ಲಿ ನಡೆದ ಅಧ್ಯಯನದಲ್ಲಿ ಇಷ್ಟರಿಂದಲೇ ಮಗುವಿಗೆ ಸೋಂಕು ತಗಲುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು, 1999ರಲ್ಲಿ. ಅಗ್ಗದ, ಸುಲಭದ, ಜೀವ ಉಳಿಸಿದ ಉಪಾಯ. ಆದರೆ ಆ ಒಂದು ಗುಳಿಗೆ ತಾಯಿಯ ರಕ್ತದಲ್ಲಿ ವಾರಗಟ್ಟಲೆ ಒಂಟಿಯಾಗಿ ಉಳಿಯುತ್ತಿತ್ತು. ಆಮೇಲೆ ನೋಡಿದರೆ ಅನೇಕ ತಾಯಂದಿರಲ್ಲಿ ನೆವಿರಪಿನ್‌ಗೆ ಬಗ್ಗದ ವೈರಸ್. ಭಾರತದಲ್ಲಿ ಹೆಚ್ಚಾಗಿರುವ 'ಸಿ' ಬಗೆಯ ವೈರಸ್‌ನಲ್ಲಿ ಇದು ಇನ್ನೂ ಹೆಚ್ಚು. ಮಗು ಉಳಿಯಿತು, ತಾಯಿಯ ಮುಂದಿನ ಚಿಕಿತ್ಸೆಯ ದಾರಿ ಕಿರಿದಾಯಿತು. 2014ರಿಂದ ಗರ್ಭಿಣಿಯರಿಗೆ ಮೂರು ಔಷಧದ ಪೂರ್ತಿ ಚಿಕಿತ್ಸೆಯನ್ನೇ ಜೀವನಪೂರ್ತಿ ಕೊಡುವ ಪದ್ಧತಿ ಬಂತು. ಓದುವಾಗ ನನಗೆ ಈ ಭಾಗದಲ್ಲಿ ಸಿಟ್ಟು ಬಂತು, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಆ ಒಂದು ಗುಳಿಗೆಯೂ ಇಲ್ಲದಿದ್ದರೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ಇರುತ್ತಿರಲಿಲ್ಲ.

ಇನ್ನೊಂದು ಬದಲಾವಣೆಯ ಕಥೆ ಇದಕ್ಕಿಂತ ಸ್ವಾರಸ್ಯ. ಲ್ಯಾಮಿವುಡಿನ್ ಸೋಲುವುದು 184ನೇ ಜಾಗದಲ್ಲಿ ಮೆಥಿಯೊನಿನ್ ಹೋಗಿ ವ್ಯಾಲಿನ್ ಬಂದಾಗ. ಇದೂ ಒಂದೇ ಅಕ್ಷರ, 'ಎ' ಇದ್ದಲ್ಲಿ 'ಜಿ'. ವ್ಯಾಲಿನ್‌ನ ಕವಲು ಔಷಧದ ಮೈಗೆ ತಾಗಿ, ಔಷಧ ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ. ಆದರೆ ಈ ಬದಲಾವಣೆಗೆ ವೈರಸ್ ಬೆಲೆ ತೆರುತ್ತದೆ. ಅದರ ನಕಲು ವೇಗ ಕುಂಟುತ್ತದೆ, ಮೇಲಾಗಿ ಟೆನೊಫೊವಿರ್ ಎಂಬ ಬೇರೊಂದು ಔಷಧಕ್ಕೆ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತದೆ. ಹಾಗಾಗಿ ಲ್ಯಾಮಿವುಡಿನ್ ಸೋತ ಮೇಲೂ ಡಾಕ್ಟರುಗಳು ಅದನ್ನು ನಿಲ್ಲಿಸುವುದಿಲ್ಲ. ಬೇಕಂತಲೇ ಮುಂದುವರಿಸಿ, ವೈರಸ್ಸನ್ನು ಆ ಕುಂಟು ರೂಪದಲ್ಲೇ ಇರುವಂತೆ ಕಟ್ಟಿಹಾಕುತ್ತಾರೆ. ನಮ್ಮ ಫೀಲ್ಡಿನಲ್ಲಿ ಬಗ್‌ನ್ನು ಫೀಚರ್ ಮಾಡಿಕೊಂಡೆವು ಅಂತ ಜೋಕ್ ಮಾಡುತ್ತೇವೆ. ಇಲ್ಲಿ ಅದನ್ನು ನಿಜಕ್ಕೂ ಮಾಡುತ್ತಾರೆ.

ಜಿಗಿಹುಳ ಕಂಡವನಿಗೆ

ಇದನ್ನೆಲ್ಲ ಕಾಕಾನಿಗೆ ಹೇಗೆ ಹೇಳುವುದು ಅಂತ ನಾನು ಪೆನ್ನು ಪೇಪರ್ ಹಿಡಿದು ಕೂತರೆ, ಅವನೇ ನನಗೆ ಹೇಳಿದ.

ನಮ್ಮ ಕಡೆ ಮಳೆ ನಂಬಿದ ಎರೆ, ಮಸಾರಿ ಹೊಲ. ಗಂಗಾವತಿಯದು ತುಂಗಭದ್ರಾ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ಕುಷ್ಟಗಿ, ಯಲಬುರ್ಗಾ ಕಡೆಯ ಮಂದಿ ಅಲ್ಲಿ ಕೂಲಿಗೆ ಹೋಗುವುದು ಹೊಸತಲ್ಲ. ಕಾಕಾ ಎಷ್ಟೋ ವರ್ಷ ಅಲ್ಲಿ ಗದ್ದೆಗೆ ಕೀಟನಾಶಕ ಹೊಡೆದಿದ್ದಾನೆ. ಅದಕ್ಕೆ ನಮ್ಮಲ್ಲಿ 'ಎಣ್ಣಿ ಹೊಡಿಯೋದು' ಅಂತಾರೆ.

'ಇದು ನಂಗ ಗೊತ್ತೈತಿ ತಮ್ಮಾ. ಭತ್ತದಾಗ ಜಿಗಿಹುಳಕ್ಕ ಹಿಂಗ ಆಗಿತ್ತಲ್ಲ. ಮದ್ಲಿನ ವರ್ಷ ಎಣ್ಣಿ ಹೊಡದ್ರ ಗದ್ದಿ ಸ್ವಚ್ಛ. ಮೂರನೇ ವರ್ಷ ಅದ ಎಣ್ಣಿ ಹೊಡದ್ರ ನೀರು ಹೊಡದಂಗ. ಸತ್ತಾವು ಸತ್ತು, ಸಾಯದಾವು ಮರಿ ಹಾಕಿದ್ವು.'

ಕೊನೆಯ ವಾಕ್ಯಕ್ಕೆ ನಾನು ಪೆನ್ನು ಕೆಳಗಿಟ್ಟೆ. ಗಂಗಾವತಿಯ ಗದ್ದೆಗಳಿಂದ ಕಂದು ಜಿಗಿಹುಳ ತಂದು ಕೃಷಿ ವಿಜ್ಞಾನಿಗಳು ಪರೀಕ್ಷೆ ಮಾಡಿ, ಕೆಲವು ಕೀಟನಾಶಕಗಳಿಗೆ ಅವು ಬಗ್ಗದಿರುವುದನ್ನು ದಾಖಲಿಸಿಯೂ ಇದ್ದಾರೆ. ಒಂದೇ ವ್ಯತ್ಯಾಸ, ಗದ್ದೆಯಲ್ಲಿ ವರ್ಷಗಳು ಹಿಡಿಯುವುದು ದೇಹದಲ್ಲಿ ವಾರಗಳಲ್ಲಿ ಮುಗಿಯುತ್ತದೆ. ಇನ್ನೊಂದೂ ಇದೆ. ಗದ್ದೆಯನ್ನು ಒಂದು ಹಂಗಾಮು ಬೀಳು ಬಿಡಬಹುದು. ಎಚ್‌ಐವಿ ಹಾಗಲ್ಲ, ಒಮ್ಮೆ ಹುಟ್ಟಿದ ಬದಲಾವಣೆಯ ಪ್ರತಿ ದೀರ್ಘಕಾಲ ಬದುಕುವ ಕೋಶಗಳ ಡಿಎನ್‌ಎಯಲ್ಲಿ ಅಡಗಿ ಕೂರುತ್ತದೆ. ಹತ್ತು ವರ್ಷ ಬಿಟ್ಟು ಅದೇ ನೆವಿರಪಿನ್ ಕೊಟ್ಟರೂ ಹಳೇ ಬ್ಯಾಕಪ್‌ನಿಂದ ಎದ್ದು ಬರಬಹುದು.

ಕಾಕಾನ ವೈರಸ್‌ನಲ್ಲಿ ಯಾವ ಅಕ್ಷರ ಬದಲಾಗಿತ್ತು ಅಂತ ಯಾರೂ ಓದಲಿಲ್ಲ. ಮೊದಲ ಹಂತದ ಗುಳಿಗೆ ಸೋತಾಗ ಸರ್ಕಾರಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಆ ದುಬಾರಿ ಪರೀಕ್ಷೆ ಮಾಡುವುದಿಲ್ಲ, ನೇರವಾಗಿ ಎರಡನೇ ಹಂತದ ಔಷಧಕ್ಕೆ ದಾಟಿಸುತ್ತಾರೆ. ಹಾಗಾಗಿ ಆ ಹನ್ನೊಂದು ದಿನದಿಂದಲೇ ಆಯಿತು ಅಂತ ನಾನು ಖಾತ್ರಿಯಾಗಿ ಹೇಳಲಾರೆ. ಅದಕ್ಕೂ ಮುಂಚೆ ಕಾಕಾ ಎರಡು ಬೇಸಿಗೆ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿದ್ದ. ಒಂದು ತಗಡಿನ ಶೆಡ್ಡಿನಲ್ಲಿ ಒಂದೇ ಊರಿನ ಹದಿನಾರು ಜನ. ಅಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ ಯಾರಿಗೂ ಕಾಣದಂತೆ ನುಂಗುವುದು ಹೇಗೆ? ಗುಳಿಗೆ ಮುಗಿದ ಮೇಲೆ ಕೊಪ್ಪಳಕ್ಕೆ ಬಂದು ಹೋಗಲು ಎರಡು ದಿನದ ಕೂಲಿ ಹೋಗುತ್ತದೆ. ಹೋದ ಊರಿನ ಎಆರ್‌ಟಿ ಕೇಂದ್ರದಲ್ಲೇ ತನ್ನ ಹಸಿರು ಪುಸ್ತಕ ತೋರಿಸಿ ಗುಳಿಗೆ ಪಡೆಯಬಹುದು ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಮೇಸ್ತ್ರಿಗೆ ಏನಂತ ಹೇಳಿ ರಜೆ ಕೇಳಬೇಕು? ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರಲ್ಲಿ, ನಿಮ್ಮ ಆಫೀಸಿನ ಗಾರ್ಡ್‌ಗಳಲ್ಲಿ ಇಂಥವರು ಇರಬಹುದು. ಅವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ: 1097ಕ್ಕೆ ಫೋನ್ ಮಾಡಿದರೆ ದುಡ್ಡು ಕೊಡದೆ ಈ ಮಾಹಿತಿ ಸಿಗುತ್ತದೆ.

ಎರಡನೇ ಹಂತದ ಗುಳಿಗೆಗೆ ಸಮಿತಿಯ ಒಪ್ಪಿಗೆ, ಬೇರೆ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಓಡಾಟ, ಎರಡು ಸಲ 'ನಾಳೆ ಬನ್ನಿ' ಆಯಿತು. ಆ ಓಡಾಟದ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ. 2019ರ ಮಳೆಗಾಲದ ಹೊತ್ತಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಜೊತೆಗೆ ಅಟಜಾನವಿರ್ ಶುರುವಾಯಿತು. ಹೌದು, ಅದೇ ಸೋತ ಲ್ಯಾಮಿವುಡಿನ್. ಈ ಸಲ ಯಾಕೆ ಅಂತ ನಮಗೆ ಗೊತ್ತಿತ್ತು. ದಿನಕ್ಕೆ ಒಂದೇ ಹೊತ್ತು, ರಾತ್ರಿ ಊಟದ ಜೊತೆ. ಸಂಖ್ಯೆ ಇಳಿಯಿತು. ಆದರೆ ಅಟಜಾನವಿರ್‌ನಿಂದ ಕೆಲವರಿಗೆ ಕಣ್ಣು ಹಳದಿಯಾಗುತ್ತದೆ. ಲಿವರ್‌ಗೆ ಅಪಾಯವಿಲ್ಲ, ಬಣ್ಣ ಮಾತ್ರ. ಹನ್ನೊಂದು ವರ್ಷ ಜೋಳದ ಚೀಲದ ಹಿಂದೆ ಬಚ್ಚಿಟ್ಟದ್ದು ಈಗ ಕಣ್ಣಲ್ಲೇ ಬಂದು ಕೂತಿತು. ಊರವರು 'ಕಾಮಾಲಿ ಆಗೇತಿ, ನಾಟಿ ಔಷಧ ತಗೋ' ಅಂತ ಹಿಂದೆ ಬಿದ್ದರು. ಕಾಕಾ ಒಂದು ಕಪ್ಪು ಕನ್ನಡಕ ಕೊಂಡ. ಕಣ್ಣಿನ ಆಪರೇಷನ್ ಆಗಿದೆ ಅಂತ ಹೇಳಿಕೊಂಡು ತಿರುಗಿದ. ಆ ಕನ್ನಡಕದಲ್ಲಿ ಅವನು ಸಿನಿಮಾದ ವಿಲನ್ ಥರ ಕಾಣುತ್ತಾನೆ. ಈ ಮಾತನ್ನು ಬರೆಯಲೂ ಒಪ್ಪಿಗೆ ಪಡೆದಿದ್ದೇನೆ.

2020ರ ಸುಮಾರಿಗೆ ನಮ್ಮ ದೇಶದ ಮೊದಲ ಹಂತದ ಗುಳಿಗೆಯೇ ಬದಲಾಯಿತು. ಈಗ ಅದರಲ್ಲಿ ಡಾಲ್ಯುಟೆಗ್ರಾವಿರ್ ಇದೆ. ವೈರಸ್ ತನ್ನ ಕೋಡನ್ನು ನಮ್ಮ ಡಿಎನ್‌ಎಗೆ ಸೇರಿಸುವ ಹಂತದಲ್ಲೇ ಇದು ಅಡ್ಡ ನಿಲ್ಲುತ್ತದೆ. ನೆವಿರಪಿನ್ ಥರ ಒಂದು ಅಕ್ಷರಕ್ಕೆ ಸುಲಭವಾಗಿ ಬೀಳುವುದಿಲ್ಲ. ಇದರ ವಿರುದ್ಧ ಹುಟ್ಟುವ ಕೆಲವು ಬದಲಾವಣೆಗಳು ವೈರಸ್ಸನ್ನೇ ನಿತ್ರಾಣ ಮಾಡುತ್ತವೆ. ಹಾಗಂತ ಮುಗಿಯಿತು ಅಂದುಕೊಳ್ಳುವಂತಿಲ್ಲ. ಈ ಔಷಧ ತೆಗೆದುಕೊಂಡೂ ವೈರಸ್ ಇಳಿಯದವರನ್ನು ಪರೀಕ್ಷಿಸಿದಾಗ ಶೇ 3.9ರಿಂದ 8.6ರವರೆಗೆ ನಿರೋಧಕತೆ ಕಂಡಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ವೈರಲ್ ಲೋಡ್ ಹೆಚ್ಚಿರುವಾಗಲೇ ಹಳೇ ಗುಳಿಗೆಯಿಂದ ಇದಕ್ಕೆ ದಾಟಿದವರಲ್ಲಿ ಇದು ಶೇ 19.6ರವರೆಗೂ ಹೋಗಿದೆ.

ಕಾಕಾನ ಮಗಳಿಗೆ ಇನ್ನೂ ಗೊತ್ತಿಲ್ಲ. ಅವಳಿಗೀಗ ಐದು ವರ್ಷದ ಮಗ ಇದ್ದಾನೆ, ಅಜ್ಜನ ತಟ್ಟೆಯಲ್ಲೇ ಉಣ್ಣುತ್ತಾನೆ. ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿ ಬರುವುದಿಲ್ಲ ಅಂತ ಕಾಕಾನಿಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಹೇಳಿದ ಮೇಲೂ ಆ ತಟ್ಟೆ ಹಾಗೇ ಇರುತ್ತದಾ ಅಂತ ಇಬ್ಬರಿಗೂ ಗೊತ್ತಿಲ್ಲ. ಹೇಳು ಅಂತ ನಾನು ಒತ್ತಾಯ ಮಾಡುವುದಿಲ್ಲ. ಒಂದು ಸಲ ಸಲಹೆ ಕೊಟ್ಟದ್ದು ಸಾಕು.

ಹೋದ ತಿಂಗಳು ಒಂದು ರಾತ್ರಿ 9ಕ್ಕೆ ರಿಂಗ್ ಆಗಲಿಲ್ಲ. 9:20ಕ್ಕೆ ನಾನೇ ಮಾಡಿದೆ, ಸ್ವಿಚ್ ಆಫ್. ಪಕ್ಕದ ಮನೆಯವರ ನಂಬರ್ ಇತ್ತು, ಆದರೆ ಏನಂತ ಕೇಳಲಿ? ಮೀಟಿಂಗ್‌ನಲ್ಲಿ ಯಾರೋ ನನ್ನ ಹೆಸರು ಕರೆದದ್ದೂ ಕೇಳಿಸಲಿಲ್ಲ. 10 ದಾಟಿದ ಮೇಲೆ ಕರೆ ಬಂತು, ಈ ಸಲ ಮಿಸ್ಡ್ ಕಾಲ್ ಅಲ್ಲ.

'ಕರೆಂಟ್ ಹೋಗಿತ್ತು ತಮ್ಮಾ, ಫೋನಿನಾಗ ಚಾರ್ಜ್ ಇರ್ಲಿಲ್ಲ. ಗುಳಿಗಿ ಒಂಬತ್ತಕ್ಕ ನುಂಗೀನಿ. ನೀ ಉಂಡಿಯೇನು?'